ಉಳಿದ ರೊಟ್ಟಿಯನ್ನು ಎಸೆಯುವಂತಿಲ್ಲ

ರೊಟ್ಟಿ ತಿಂದು ಮೊದಲು ವಾಪಸು ಬಂದವರು ಗಂಟಲು ಹಿರಿಯರು. ಚರ್ಚಿನ ಸಭೆಯ ಹಾಡುಗಳನ್ನೆಲ್ಲ ಬೇರೆಯವರಿಗಿಂತ ಅರ್ಧ ಸಾಲು ಮುಂಚೆಯೇ ಮುಗಿಸುವ ಅವರಿಗೆ ಆ ಹೆಸರಿಟ್ಟವಳು ಅವಳೇ, ಮನಸ್ಸಿನೊಳಗೆ ಮಾತ್ರ. ತಿಂಗಳ ಮೊದಲ ಭಾನುವಾರ ಪ್ರಭುಭೋಜನಕ್ಕೆ ಎಲ್ಲರಿಗಿಂತ ಮುಂಚೆ ಎದ್ದು ಹೋಗುವವರೂ ಅವರೇ. ಪಾಸ್ಟರ್ ಕೈಯಲ್ಲಿ ಹಿಡಿದ, ಬ್ರೆಡ್ಡಿನ ಹಾಗೆ ಉಬ್ಬಿಸಿ ಸುಟ್ಟ ಇಡೀ ರೊಟ್ಟಿಯಿಂದ ಹೆಬ್ಬೆರಳು ಗಾತ್ರದ ತುಂಡು ಮುರಿದುಕೊಂಡು, ಬಾಯಿಗಿಟ್ಟು, ಪುಟ್ಟ ಲೋಟದ ದ್ರಾಕ್ಷಾರಸ ಕುಡಿದು, ಪಕ್ಕದ ದಾರಿಯಲ್ಲಿ ಕಣ್ಣು ಅರೆಮುಚ್ಚಿಕೊಂಡು, ಸ್ವರ್ಗದಿಂದ ರಜೆಯ ಮೇಲೆ ಬಂದವರ ಹಾಗೆ ನಡೆದು ಬರುತ್ತಾರೆ. ಇವತ್ತು ಅವರ ಕಣ್ಣು ಪೂರ್ತಿ ತೆರೆದಿತ್ತು. ಬಾಯೊಳಗೆ ಏನನ್ನೋ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುತ್ತಿದ್ದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಸ್ಥಿತಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತಿದ್ದ ಅವಳ ಹತ್ತಿರ ಬಂದಾಗ ಒಂದು ಕ್ಷಣ ನಿಂತು, ಅವಳ ಮುಖ ನೋಡಿ, ನಕ್ಕರು. ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ನೋಡಿ ನಕ್ಕದ್ದು ಅದೇ ಮೊದಲು. ರೊಟ್ಟಿ ಮಾಡಿದವಳು ಅವಳು.

ಅವರ ಹಿಂದೆ ದಂತವೈದ್ಯರು ಬಂದರು. ಊರಿನ ಬಾಯಿಗಳ ಬಗ್ಗೆಯೆಲ್ಲ ಬಲ್ಲ ಆ ಮನುಷ್ಯನಿಗೆ ತನ್ನ ಬಾಯಿಯನ್ನು ಏನು ಮಾಡಬೇಕೆಂದು ತಿಳಿಯದಂತಿತ್ತು. ದರ್ಜಿಯ ಹೆಂಡತಿ ಕರವಸ್ತ್ರ ಒತ್ತಿಕೊಂಡು ಬಂದಳು. ಪಕ್ಕದವರು ಅದನ್ನು ಪಶ್ಚಾತ್ತಾಪದ ಕಣ್ಣೀರೆಂದು ತಿಳಿದು ಅವಳ ಬೆನ್ನು ಸವರಿದರು. ನಿವೃತ್ತ ಹೆಡ್ ನರ್ಸ್ ಮಾತ್ರ ನೆಟ್ಟಗೆ ಬಂದರು, ಆದರೆ ಅವರು ಯಾವ ಔಷಧಿಯನ್ನೂ ಮುಖ ಬದಲಿಸದೆ ನುಂಗಬಲ್ಲವರು. ಪ್ರಭುವಿನ ಮೇಜಿನಿಂದ ಬಂದದ್ದಕ್ಕೆ ಮುಖ ಸಿಂಡರಿಸುವವರುಂಟೇ? ಒಬ್ಬರೂ ಸಿಂಡರಿಸಲಿಲ್ಲ. ಆದರೂ ಸಾಲಿನಲ್ಲಿ ಸುದ್ದಿ ಹೇಗೋ ಹಿಂದಕ್ಕೆ ಹರಿಯಿತು. ಮೊದಲ ಬೆಂಚಿನವರು ಹೆಬ್ಬೆರಳಿನಷ್ಟು ಮುರಿದಿದ್ದರೆ ನಡುವಿನವರು ಕಿರುಬೆರಳಿನಷ್ಟು ಮುರಿದರು, ಆಮೇಲಿನವರು ಉಗುರಿನಷ್ಟು ಚಿವುಟಿದರು. ಅವಳ ಸರದಿ ಬಂದಾಗ ಪಾಸ್ಟರ್ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ರೊಟ್ಟಿ ಹಾಗೆಯೇ ಇತ್ತು. ಬೇರೆ ತಿಂಗಳು ಈ ಹೊತ್ತಿಗೆ ಅಂಚು ಮಾತ್ರ ಉಳಿದಿರುತ್ತಿತ್ತು. ಅವಳು ಮುರಿದುಕೊಂಡಳು, ಬಾಯಿಗಿಟ್ಟುಕೊಂಡಳು, ಅಗಿದಳು. ಒದ್ದೆ ಹತ್ತಿ. ಅದು ಹುಳಿಯೋ, ಕಹಿಯೋ, ಸೋಪೋ, ಸೀಮೆಎಣ್ಣೆಯೋ, ದೇವರಿಗೇ ಗೊತ್ತು, ಸಭೆಗೂ ಗೊತ್ತು. ಮಾಡಿದವಳಿಗೆ ಮಾತ್ರ ಗೊತ್ತಿಲ್ಲ.

ಮೂರು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ನಾಲಿಗೆಯನ್ನೂ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಅವಳು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಸಭೆಯ ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ನಗುವ ಫೋಟೋದ ಕೆಳಗೆ ಪ್ರತಿ ತಿಂಗಳು 'ದಿನದ ಸಂತೋಷ' ಎಂಬ ಅಂಕಣದಲ್ಲಿ ಸಂತೋಷ ಹಂಚುವವಳು ಅವಳು. ಒಂದು ಅಡುಗೆ, ಒಂದು ಮಕ್ಕಳ ಪುಸ್ತಕ, ಒಂದು ಬೈಬಲ್ ವಾಕ್ಯ. ಮೂರನ್ನೂ ಸೇರಿಸಿ ಕೊನೆಗೆ ಒಂದು ಸಣ್ಣ ಪ್ರಾರ್ಥನೆ. ಅಂಕಣದ ಹೆಸರು ಜನರ ಬಾಯಲ್ಲಿ ಅವಳ ಹೆಸರೇ ಆಗಿ, ಅವಳಿಗಿಂತ ಹಿರಿಯರೂ ಅವಳನ್ನು ಸಂತೋಷಕ್ಕ ಎನ್ನುತ್ತಿದ್ದರು. ಬಿಸಿ ಬ್ರೆಡ್ಡಿನ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಕೂತರೆ ಕೃಪೆ ಎಂದರೇನೆಂದು ಅರ್ಥವಾಗುತ್ತದೆ ಎಂದು ಬರೆದವಳು, ಈಗ ನಾಲಿಗೆ ಸತ್ತಿದೆ, ಬೆಣ್ಣೆಯೂ ಮೇಣವೂ ಒಂದೇ ಎಂದು ಬರೆಯುವುದೇ? ಹಾಗಾಗಿ ಬರೆಯುತ್ತಲೇ ಹೋದಳು. ಬರೆಯುವುದು ಕಷ್ಟವೇನೂ ಆಗಲಿಲ್ಲ, ಅದೇ ಅವಮಾನ. ಪರಿಮಳ, ಘಮ, ಹದ, ಬಾಯಲ್ಲಿಟ್ಟರೆ ಕರಗುವ, ಎಲ್ಲ ಪದಗಳೂ ಕರೆದ ಕೂಡಲೇ ಸಾಲಾಗಿ ಬಂದು ನಿಂತವು. ಬಹುಶಃ ಮುಂಚೆಯೂ ಹಾಗೆಯೇ ಬರುತ್ತಿದ್ದವೇನೋ. ಜ್ವರ ಬಿಟ್ಟ ಮೇಲಿನ ಮೊದಲ ಅಂಕಣದ ಬಿಸ್ಕತ್ತಿಗೆ ಎಷ್ಟು ಲವಂಗದ ಪುಡಿ ಬೇಕೆಂದು ಮನೆಯಲ್ಲಿ ಪರೀಕ್ಷಿಸಿ ನೋಡಿದ್ದಳು. ಚಿಟಿಕೆ ಹಾಕಿದಾಗ ಏನೂ ಇಲ್ಲ, ಒಂದು ಚಮಚ ಹಾಕಿದಾಗಲೂ ಏನೂ ಇಲ್ಲ. ನಾಲ್ಕನೆಯ ಚಮಚಕ್ಕೆ ನಾಲಿಗೆಯ ತುದಿ ಸ್ವಲ್ಪ ಚುರುಕ್ ಎಂದಿತು. ಆ ಚುರುಕಿಗೆ ಅವಳು ಅತ್ತೇಬಿಟ್ಟಿದ್ದಳು. ನಾಲ್ಕು ಚಮಚ ಎಂದು ಬರೆದು ಕಳಿಸಿದಳು. ಓದುಗರಿಂದ ಮೆಚ್ಚುಗೆಯ ಮಾತು ಎಂದಿಗಿಂತ ಹೆಚ್ಚೇ ಬಂದಿತ್ತು.

ಮನೆಯಲ್ಲಿ ಸಿಕ್ಕಿಬೀಳುವ ಭಯವಿರಲಿಲ್ಲ. ಗಂಡ ಪೇಪರ್ ಓದುತ್ತ ಉಣ್ಣುವವನು, ತಟ್ಟೆಯಲ್ಲಿ ಪೇಪರನ್ನೇ ಹಾಕಿದರೂ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ. ಇದ್ದ ತೊಂದರೆ ಅತ್ತೆಯದು. ಎಣ್ಣೆ ಸೀಗೆಕಾಯಿಯ ಸಂಬಂಧ ಹಳೆಯದೇ, ಆದರೆ ಈ ಮೂರು ತಿಂಗಳಿಂದ ಮುದುಕಿ ಅಡುಗೆಮನೆ ಬಿಟ್ಟು ಕದಲುತ್ತಿರಲಿಲ್ಲ. ಇವಳು ಒಲೆಯಿಂದ ಸ್ವಲ್ಪ ಆಚೆ ಹೋಗುವುದೇ ತಡ, ಹಿಂದೆ ಮುಚ್ಚಳದ ಸದ್ದು. ಉಪ್ಪಿನ ಡಬ್ಬಿ ಇಟ್ಟಲ್ಲಿ ಇರುತ್ತಿರಲಿಲ್ಲ, ಒಂದು ದಿನ ಮೇಲಿನ ಅಟ್ಟದಲ್ಲಿ, ಇನ್ನೊಂದು ದಿನ ಅತ್ತೆಯ ಮಂಚದ ಕೆಳಗೆ. ಕೇಳಿದರೆ, 'ಇರುವೆ ಬರುತ್ತೆ.' ಉಪ್ಪಿಗೆ ಯಾವ ಕಾಲದಲ್ಲಿ ಇರುವೆ ಬಂದಿತ್ತು? ವಯಸ್ಸಾದಂತೆ ಕೆಲವರಿಗೆ ಭಕ್ತಿ ಹೆಚ್ಚುತ್ತದೆ, ಕೆಲವರಿಗೆ ಕಿತಾಪತಿ ಹೆಚ್ಚುತ್ತದೆ. ತನ್ನ ಪಾಲಿಗೆ ಎರಡನೆಯದು ಬಂತು ಎಂದುಕೊಂಡು, ಆ ಕೋಪದಲ್ಲೇ ಹಿರಿಯರನ್ನು ಸಹಿಸಿಕೊಳ್ಳುವುದರಲ್ಲಿರುವ ಸಂತೋಷದ ಬಗ್ಗೆ ಒಂದು ಅಂಕಣ ಬರೆದಿದ್ದಳು. ಅತ್ತೆ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಪತ್ರಿಕೆಯನ್ನು ಮಡಿಸಿ ತರಕಾರಿ ಸಿಪ್ಪೆಗೆ ಹಾಸಿದ್ದರು.

ಕೊನೆಯ ಹಾಡಿಗೆ ಎಲ್ಲರೂ ಎದ್ದರು, ಅವಳೂ ಎದ್ದಳು. ಗಂಟಲು ಹಿರಿಯರ ಗಂಟಲು ಇವತ್ತು ಎಲ್ಲರ ಜೊತೆಗೇ ಇತ್ತು, ಒಂದೊಂದು ಸಲ ಹಿಂದೆಯೂ ಬೀಳುತ್ತಿತ್ತು. ಅವಳು ನಿನ್ನೆಯ ಮಧ್ಯಾಹ್ನವನ್ನು ಮೊದಲಿನಿಂದ ಬಿಚ್ಚಿ ನೋಡತೊಡಗಿದಳು. ಸಭೆಯ ಹಿಂದಿನ ಅಡುಗೆಕೋಣೆ, ತಗಡಿನ ಮೇಜು, ಬಾಗಿಲು ಮುಚ್ಚಿದೆ. ರೊಟ್ಟಿ ನಾದುವವರು ಒಬ್ಬರೇ ಇರಬೇಕು, ಪ್ರಾರ್ಥಿಸುತ್ತ ನಾದಬೇಕು, ಬೆಂದ ಮೇಲೆ ಮೇಜಿಗೆ ಹೋಗುವ ತನಕ ಯಾರೂ ಅದರ ರುಚಿ ನೋಡಬಾರದು; ಇದು ಈ ಸಭೆಯ ಹಿರಿಯರು ಯಾವಾಗಲೋ ಮಾಡಿಟ್ಟ ಪದ್ಧತಿ. ಮಾಡಿದವರಲ್ಲಿ ಯಾರೂ ರೊಟ್ಟಿ ನಾದಿದವರಿರಲಿಲ್ಲ. ಹಿಟ್ಟಿನ ರುಚಿ ನೋಡಬಾರದೆಂದು ಅವರಿಗೆ ಹೊಳೆದಿರಲಿಲ್ಲವಾದ್ದರಿಂದ ಅವಳು ಯಾವಾಗಲೂ ಹಸಿಹಿಟ್ಟಿನ ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದಳು. ಜ್ವರದ ನಂತರದ ಎರಡು ತಿಂಗಳು ಚಮಚದ ಅಳತೆ ನಂಬಿ ಹೇಗೋ ಪಾರಾಗಿದ್ದಳು, ಆದರೆ ಕೈಗೆ ಆ ಅಭ್ಯಾಸ ಹೋಗಿಲ್ಲ. ನಿನ್ನೆ ನಾದುವಾಗ ಪ್ರಾರ್ಥನೆ ಬರಲಿಲ್ಲ, ಬಂದದ್ದು ಉಪ್ಪಿನ ಡಬ್ಬಿಯ ಜಗಳ. ಅತ್ತೆಗೆ ಹೇಳಬೇಕಿದ್ದ ಉತ್ತರಗಳನ್ನೆಲ್ಲ ಒಂದೊಂದಾಗಿ ಹಿಟ್ಟಿಗೆ ಹೇಳುತ್ತ ಗುದ್ದಿದಳು. ಚೂರು ನಾಲಿಗೆಯ ಮೇಲಿಟ್ಟಳು. ಏನೂ ಇಲ್ಲ. ಅಯ್ಯೋ, ಉಪ್ಪು ಮರೆತೆ. ಹಾಕಿದಳು. ಮತ್ತೆ ಜಗಳ, ಮತ್ತೆ ಚೂರು, ಮತ್ತೆ ಏನೂ ಇಲ್ಲ. ನಾಲಿಗೆ ಸತ್ತಿರುವುದು ಅವಳಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಎಷ್ಟು ಸಲ? ಹಿಟ್ಟು ಉಬ್ಬಿರಲಿಲ್ಲ, ಬಟ್ಟೆಯ ಕೆಳಗೆ ಕಲ್ಲಿನ ಹಾಗೆ ಕೂತಿತ್ತು. ಚಳಿ ಜಾಸ್ತಿ ಎಂದು ಹವಾಮಾನವನ್ನು ಬೈದು ಒಲೆಗಿಟ್ಟಿದ್ದಳು. ಉಪ್ಪು ಜಾಸ್ತಿಯಾದರೆ ಹಿಟ್ಟು ಉಬ್ಬುವುದಿಲ್ಲ ಎಂದು ಅವಳೇ ಅಂಕಣದಲ್ಲಿ ಬರೆದಿದ್ದಳು, ದಪ್ಪಕ್ಷರದಲ್ಲಿ.

ಬಾಗಿಲಲ್ಲಿ ಕೈಕುಲುಕುವಾಗ ದಂತವೈದ್ಯರು, 'ರೊಟ್ಟಿ ಇವತ್ತು ತುಂಬ ವಿಶೇಷವಾಗಿತ್ತು, ಸಂತೋಷಕ್ಕ' ಎಂದರು.

'ವಿಶೇಷ ಅಂದ್ರೆ?'

'ಅಂದ್ರೆ... ಮರೆಯೋಕಾಗಲ್ಲ.'

'ಉಪ್ಪೇನಾದ್ರೂ ಸ್ವಲ್ಪ...'

'ಛೇ ಛೇ. ಉಪ್ಪು ಅಂತ ನಾನಂತೂ ಹೇಳಲ್ಲ.' ಪಕ್ಕದಲ್ಲಿದ್ದ ದರ್ಜಿಯ ಹೆಂಡತಿ ಕರವಸ್ತ್ರ ತೆಗೆಯದೆಯೇ, 'ನನಗಂತೂ ಕಣ್ಣಲ್ಲಿ ನೀರು ಬಂತು ಅಕ್ಕಾ' ಎಂದಳು. ಅದು ಸುಳ್ಳಲ್ಲ ಎಂಬುದೇ ಅದರ ಸೊಗಸು. ಇಷ್ಟು ಜನ ಕ್ರೈಸ್ತರು ಇಷ್ಟು ಜಾಗರೂಕತೆಯಿಂದ ಸುಳ್ಳು ಹೇಳದೆ ತಪ್ಪಿಸಿಕೊಳ್ಳುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಒಬ್ಬರಾದರೂ ಮುಖಕ್ಕೆ ಹೇಳಿದ್ದರೆ ಆಗುತ್ತಿತ್ತು. ಅವಳು ಅಳಬಹುದಿತ್ತು, ಕ್ಷಮೆ ಕೇಳಬಹುದಿತ್ತು, ಮುಂದಿನ ತಿಂಗಳು ತಪ್ಪುಗಳಲ್ಲಿರುವ ಸಂತೋಷ ಎಂದು ಬರೆಯಬಹುದಿತ್ತು. ಎಲ್ಲರೂ ಅಂಗಳದ ನಲ್ಲಿಯ ಕಡೆ ಒಂದು ಸಣ್ಣ ಅವಸರದಿಂದ ನಡೆಯುತ್ತಿದ್ದರು, ಓಡುತ್ತಿದ್ದೇವೆಂದು ತೋರದ ಹಾಗೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ತಪ್ಪು ಮಾಡಿದವಳು ಒಣಗಿ ನಿಂತಿರುವಾಗ ತಪ್ಪೇ ಮಾಡದ ನೂರು ಜನ ಸಾಲಾಗಿ ನೀರು ಕುಡಿಯುವುದನ್ನು ಮಾತ್ರ ನೋಡಿರಲಿಲ್ಲ.

ಆಮೇಲೆ ಮಕ್ಕಳ ಹೊತ್ತು. ಪಕ್ಕದ ಕೋಣೆಯಲ್ಲಿ ಮೊಣಕಾಲೆತ್ತರದ ಕುರ್ಚಿಗಳು, ಗೋಡೆಗೆ ಅಂಟಿಸಿದ ಕುರಿಗಳು, ಮಕ್ಕಳ ಒದ್ದೆ ಸ್ವೆಟರ್. ಅದರ ವಾಸನೆಯೂ ಅವಳ ಪಾಲಿಗಿಲ್ಲ. ಅವಳು ಮಕ್ಕಳಿಗಾಗಿ ಬರೆಯುವ ಅಳಿಲಿನ ಪುಸ್ತಕಗಳಲ್ಲಿ ಇವತ್ತು ಓದಿ ಹೇಳಲು ತಂದದ್ದು ಹೊಸದು. ಪ್ರತಿ ಕಾಯಿಗೂ ಮುಂಚೆ ಕೈಮುಗಿದು ವಂದನೆ ಹೇಳುವ ಅಳಿಲು. ಒಂಬತ್ತು ಪುಸ್ತಕಗಳಿಂದ ವಂದನೆ ಹೇಳುತ್ತ ಹೇಳುತ್ತ ಅದು ಈಗ ದುಂಡಗಾಗಿತ್ತು. ಮೊದಲನೆಯದನ್ನು ಬರೆದದ್ದು ಅಡುಗೆಮನೆಯ ಮೇಜಿನ ಮೇಲೆ, ಒಲೆಯೊಳಗೆ ಕೇಕ್ ಉಬ್ಬುತ್ತಿದ್ದಾಗ. ಅಳಿಲು ಜೀವನದ ಮೊದಲ ಬಾದಾಮಿಯನ್ನು ಕಚ್ಚುವ ವಾಕ್ಯ ಬರೆದು ಅವಳು ಪೆನ್ನು ಕೆಳಗಿಟ್ಟು, ಯಾಕೆಂದು ತಿಳಿಯದೆ ದೇವರೇ ನಿನಗೆ ಸ್ತೋತ್ರ ಎಂದಿದ್ದಳು, ಗಟ್ಟಿಯಾಗಿ, ಖಾಲಿ ಮನೆಯಲ್ಲಿ. ಕೇಕಿನ ಘಮ, ಕಿಟಕಿಯ ಬಿಸಿಲು, ಬಾದಾಮಿ, ದೇವರು, ಎಲ್ಲ ಒಂದೇ ಬಾಯಿತುತ್ತು. ಅವತ್ತು ಅವಳಿಗೆ ನಂಬಿಕೆಯಿತ್ತು. ಇಲ್ಲ, ಅವತ್ತು ಅವಳಿಗೆ ಹಸಿವಿತ್ತು. ಈ ಮೂರು ತಿಂಗಳಿಂದ ಅವಳನ್ನು ಕೊರೆಯುತ್ತಿದ್ದದ್ದು ಊಟವಲ್ಲ, ಇದು. ನಾಲಿಗೆ ಹೋದ ವಾರವೇ ಪ್ರಾರ್ಥನೆಯೂ ಹೋಗಿತ್ತು. ಮಂಡಿಯೂರಿದರೆ ಮಂಡಿ ನೋಯುತ್ತಿತ್ತು, ಅಷ್ಟೇ. ಹಾಗಾದರೆ ತನ್ನ ಭಕ್ತಿಯೆಲ್ಲ ಇದ್ದದ್ದು ನಾಲಿಗೆಯ ತುದಿಯಲ್ಲೇ? ಇಷ್ಟು ವರ್ಷ ತಾನು ದೇವರೆಂದು ತಿಳಿದು ಹೊಗಳಿದ್ದು ಬೆಣ್ಣೆಯನ್ನೇ? ಯಾರನ್ನು ಕೇಳುವುದು? ಪಾಸ್ಟರನ್ನು ಕೇಳಿದರೆ ಅವರು ಅವಳದೇ ಅಂಕಣದಿಂದ ಒಂದು ಸಾಲು ಎತ್ತಿ ಉತ್ತರ ಹೇಳುವ ಅಪಾಯವಿತ್ತು.

'ಅಳಿಲು ಡಬ್ಬಿಯ ಮುಚ್ಚಳ ತೆಗೆಯಿತು' ಎಂದು ಓದಿದಳು. 'ಒಳಗೆ ಬಿಸ್ಕತ್ತು. ಅಳಿಲು ಏನು ಮಾಡಿತು?'

'ಕೈ ಮುಗೀತು' ಎಂದವು ಮಕ್ಕಳು, ಬೇಸರದಿಂದ. ಬೇಗ ಮುಗಿಸಿ ತಿನ್ನಲಿ ಎಂಬ ಅವಸರ ಅವಕ್ಕೆ. ಅವಳು ಕೆನ್ನೆಯುಬ್ಬಿಸಿ ಹಲ್ಲು ಮಸೆದು ಕರುಂ ಕುರುಂ ಎಂದಳು. ಮಕ್ಕಳು ಕುರ್ಚಿಯಿಂದ ಬೀಳುವ ಹಾಗೆ ನಕ್ಕವು. ಒಳಗೆ ಏನೂ ಇಲ್ಲದೆ ಮಾಡಿದ ಕರುಂ ಕುರುಮ್ಮಿಗೂ ಮುಂಚಿನಷ್ಟೇ ನಗು. ಒಂದು ಹಲ್ಲೂ ಕಡಿಮೆ ನಗಲಿಲ್ಲ. ಇದರಿಂದ ಅವಳಿಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಎದೆ ಕಹಿಯಾಯಿತು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ದರ್ಜಿಯ ಮಗಳು ಮಾತ್ರ ನಗದೆ ಅವಳನ್ನೇ ನೋಡುತ್ತಿದ್ದಳು. ಎಲ್ಲದಕ್ಕೂ ಯಾಕೆ ಎನ್ನುವುದರಿಂದ ಆ ಹುಡುಗಿಯನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು.

'ಏನು ಯಾಕಮ್ಮ, ಇವತ್ತು ಪ್ರಶ್ನೆ ಇಲ್ವಾ?'

'ಇದೆ. ಆದ್ರೆ ಕೇಳಬಾರದು.'

'ಯಾರು ಹೇಳಿದ್ದು?'

'ಅಮ್ಮ. ರೊಟ್ಟಿ ಬಗ್ಗೆ ಸಂತೋಷಕ್ಕನ ಹತ್ರ ಏನೂ ಮಾತಾಡಬಾರದು, ಪಾಪ ಅವರಿಗೆ ಬೇಜಾರಾಗುತ್ತೆ ಅಂದ್ರು. ಅದಕ್ಕೆ ನಾನು ಮಾತಾಡ್ತಿಲ್ಲ.' ಹುಡುಗಿ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಥೆಗಳಲ್ಲಿ ಮಕ್ಕಳು ನಿಜ ಹೇಳುತ್ತವೆ. ಅವಳೇ ಎಷ್ಟೋ ಸಲ ಹೇಳಿಸಿದ್ದಾಳೆ. ಸಭೆಯ ಮಕ್ಕಳು ತಾಯಿಯ ಮಾತು ಕೇಳುತ್ತವೆ. ಪಾಪ ಎಂಬ ಆ ಒಂದು ಪದ ಮಾತ್ರ ಕೈಬೆರಳ ಸಂದಿಯಿಂದ ಹೊರಗೆ ಬಿದ್ದಿತ್ತು, ಅದನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಪಾಪ ಏಕೆ? ಒಂದು ರೊಟ್ಟಿಗೆ ಉಪ್ಪು ಹೆಚ್ಚಾದವರನ್ನು ಯಾರೂ ಪಾಪ ಎನ್ನುವುದಿಲ್ಲ, ನಗುತ್ತಾರೆ. ಅವಳು ಪುಸ್ತಕದ ಕೊನೆಯ ಪುಟಗಳನ್ನು ಓಡಿಸಿ ಓದಿ, ಅಳಿಲಿನಿಂದ ಕೊನೆಯ ವಂದನೆ ಹೇಳಿಸಿ, ಮಕ್ಕಳನ್ನು ಕಳಿಸಿದಳು.

ಅತ್ತೆ ಎಲ್ಲೂ ಕಾಣಲಿಲ್ಲ. ಗಂಡ ಗೇಟಿನ ಹತ್ತಿರ ಪೇಪರಿನ ಮಡಿಕೆ ಬಿಡಿಸಿಕೊಂಡು ನಿಂತಿದ್ದ, ಅವನಿಗೆ ಗೊತ್ತಿರುವ ಸಂಭವವಿರಲಿಲ್ಲ. ಅಡುಗೆಕೋಣೆಯಲ್ಲಿ ತನ್ನ ಪಾತ್ರೆ ತೆಗೆದುಕೊಂಡು ಹೊರಡೋಣವೆಂದು ಹಿಂದಿನ ಓಣಿಗೆ ಬಂದಾಗ, ಪಾಸ್ಟರ್ ಅಂಗಿ ಬದಲಿಸುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನ ಸುತ್ತ ನಾಲ್ಕು ಜನ: ಪಾಸ್ಟರ್, ಅವರ ಹೆಂಡತಿ ಪಾಸ್ಟರಮ್ಮ, ಗಂಟಲು ಹಿರಿಯರು, ಅತ್ತೆ. ನಡುವೆ ನೀರಿನ ಜಗ್, ತಟ್ಟೆಯಲ್ಲಿ ಅವಳ ರೊಟ್ಟಿ. ಮೇಜಿನ ಮೇಲೆ ಉಳಿದ ರೊಟ್ಟಿಯನ್ನು ಎಸೆಯುವಂತಿಲ್ಲ, ನಾಯಿಗೋ ಹಕ್ಕಿಗೋ ಹಾಕುವಂತಿಲ್ಲ, ಬಾಗಿಲಿಗೆ ಬೀಗ ಬೀಳುವ ಮುಂಚೆ ಹಿರಿಯರು ತಿಂದು ಮುಗಿಸಬೇಕು, ಅದೂ ಪದ್ಧತಿ. ಬೇರೆ ತಿಂಗಳು ಉಳಿದ ಅಂಚಿಗಾಗಿ ಹಿರಿಯರ ನಡುವೆ ಸಣ್ಣ ಪೈಪೋಟಿಯೇ ಇರುತ್ತಿತ್ತು. ಅವಳು ಬಾಗಿಲಿನ ಹಿಂದೆ ನಿಂತುಬಿಟ್ಟಳು. ಕದ್ದು ಕೇಳುವುದು ತಪ್ಪೆಂದು ಅಳಿಲಿನ ನಾಲ್ಕನೆಯ ಪುಸ್ತಕದಲ್ಲಿದೆ.

'ನೀರಲ್ಲಿ ನೆನೆಸಿ ಹಿಂಡಿದ್ರೆ ಸ್ವಲ್ಪ ಉಪ್ಪು ಬಿಡುತ್ತಾ?' ಗಂಟಲು ಹಿರಿಯರು ಕೇಳಿದರು.

'ಹಿಂಡಿದ ನೀರನ್ನ ಏನ್ಮಾಡ್ತೀರಿ? ಅದನ್ನೂ ಕುಡೀಬೇಕಾಗುತ್ತೆ' ಎಂದರು ಪಾಸ್ಟರ್.

'ಸೂಪಿಗೆ ಹಾಕಿದ್ರೆ?' ಪಾಸ್ಟರಮ್ಮ ಮೆಲ್ಲಗೆ ಹೇಳಿ, ಗಂಡನ ಮುಖ ನೋಡಿ, 'ಬೇಡ ಬಿಡಿ' ಎಂದರು. ಪಾಸ್ಟರ್ ಒಂದು ಚೂರು ಬಾಯಿಗಿಟ್ಟು, ನೀರು ಕುಡಿದು, ಮತ್ತೊಂದು ಚೂರಿನ ಕಡೆ ನೋಡುತ್ತ ಕೂತರು. ಹೋದ ವರ್ಷ ಮೂರು ಭಾನುವಾರ ಉಪ್ಪಿನ ಬಗ್ಗೆಯೇ ಬೋಧಿಸಿದ್ದರು, ವಿಶ್ವಾಸಿ ಹೇಗೆ ಲೋಕಕ್ಕೆ ಉಪ್ಪಾಗಿರಬೇಕು ಎಂದು. ಇವತ್ತು ಬಾಯಿತುಂಬ ಸಾಕ್ಷಿಯಿರುವಾಗ ಒಂದು ಮಾತೂ ಹೊರಡುತ್ತಿರಲಿಲ್ಲ.

'ಅವಳ ತಪ್ಪಲ್ಲ' ಎಂದರು ಅತ್ತೆ. ಹಲ್ಲಿಲ್ಲದ ವಸಡಿನಲ್ಲಿ ಚೂರನ್ನು ಒತ್ತಿ ಒತ್ತಿ ನೆನೆಸುತ್ತಿದ್ದರು. 'ಜ್ವರ ಬಂದಾಗಿಂದ ಅವಳಿಗೆ ರುಚಿ ಗೊತ್ತಾಗ್ತಿಲ್ಲ. ನಮ್ಮ ಹತ್ರ ಹೇಳಿಲ್ಲ, ಸ್ವಾಭಿಮಾನ. ಮನೇಲಾದ್ರೆ ನಾನು ಹಿಂದಿಂದ ಹೋಗಿ ನೋಡ್ತೀನಿ. ಜಾಸ್ತಿಯಾಗಿದ್ರೆ ನೀರು ಹಾಕ್ತೀನಿ, ಆಲೂಗಡ್ಡೆ ಹಾಕ್ತೀನಿ. ಡಬ್ಬಿ ಬಚ್ಚಿಡ್ತೀನಿ. ಇಲ್ಲಿ ನಿಮ್ಮ ಪದ್ಧತಿ, ಒಬ್ಬಳೇ ನಾದಬೇಕು, ಬಾಗಿಲು ಮುಚ್ಚಬೇಕು. ನಾನೇನು ಮಾಡ್ಲಿ?'

'ನಮಗೂ ಗೊತ್ತಿತ್ತಮ್ಮ' ಎಂದರು ಪಾಸ್ಟರಮ್ಮ. 'ಆ ಲವಂಗದ ಬಿಸ್ಕತ್ತು ಮಾಡಿದ್ದೆ. ಇವರಿಗೆ ಎರಡು ದಿನ ತುಟಿ ಮರಗಟ್ಟಿ ಮಾತೇ ಬರ್ಲಿಲ್ಲ. ಯಾರೂ ಏನೂ ಹೇಳೋದು ಬೇಡ, ಚೆನ್ನಾಗಿತ್ತು ಅಂತ ಬರೀರಿ ಅಂತ ಎಲ್ಲರಿಗೂ ಹೇಳಿಟ್ವಿ. ಪಾಪ, ಅವರಿಗೆ ಇರೋದು ಅದೊಂದೇ ಸಂತೋಷ ಅಲ್ವಾ?'

ಓಣಿಯ ಗೋಡೆ ತಣ್ಣಗಿತ್ತು. ಅವಳಿಗೆ ಮೊದಲು ಬಂದದ್ದು ಕೋಪ. ಮೂರು ತಿಂಗಳು ಅವಳು ಇವರಿಗೆ ಸಂತೋಷ ನಟಿಸಿದ್ದಳು; ಮೂರು ತಿಂಗಳು ಇವರು ಅವಳಿಗೆ ಸಂತೋಷ ನಟಿಸಿದ್ದರು; ನಡುವೆ ಮಾಸಪತ್ರಿಕೆ ತಪ್ಪದೆ ಅಚ್ಚಾಗಿತ್ತು. ಊರು ತುಂಬ ಜನ ಲವಂಗದಲ್ಲಿ ನಾಲಿಗೆ ಸುಟ್ಟುಕೊಂಡು, ಸುಟ್ಟ ನಾಲಿಗೆಯಿಂದಲೇ ಅವಳನ್ನು ಹೊಗಳಿದ್ದರು. ಇವಳೇನೋ ಗುಟ್ಟು ಕಾಯುತ್ತಿದ್ದೇನೆಂದು ಬೀಗುತ್ತಿದ್ದರೆ, ಗುಟ್ಟೇ ಅವಳನ್ನು ಎತ್ತಿಕೊಂಡು ಸಾಕುತ್ತಿತ್ತು. ಆಮೇಲೆ ನಾಚಿಕೆ ಬಂತು, ಮುಖ ಕಿವಿಯವರೆಗೆ ಕಾದಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಹೇಳಿದವರು ಅತ್ತೆಯ ಬಗ್ಗೆ ಏನೂ ಹೇಳಿಲ್ಲ. ಹಿರಿಯರನ್ನು ಸಹಿಸಿಕೊಳ್ಳುವುದರಲ್ಲಿರುವ ಸಂತೋಷ! ಆ ಅಂಕಣವನ್ನು ಎರಡು ಸಲ ಓದಿದಾಗ ಮುದುಕಿಗೆ ಏನನಿಸಿರಬೇಕು? ಓದಿ ಮುಗಿಸಿ ಎದ್ದು ಹೋಗಿ ಇವಳ ಸಾರಿಗೆ ನೀರು ಹಾಕಿರಬೇಕು. ಪಾತ್ರೆ ನಾಳೆ ತಂದರಾಯಿತು, ಈಗ ಮನೆಗೆ ಹೋಗಿ ತಲೆನೋವು ಎಂದು ಮಲಗಿದರಾಯಿತು, ಮುಂದಿನ ತಿಂಗಳಿಂದ ಬರೆಯುವುದು ನಿಲ್ಲಿಸಿದರಾಯಿತು. ಕಾಲು ಗೇಟಿನ ಕಡೆಗೇ ತಿರುಗಿತ್ತು. ಒಳಗೆ ಗಂಟಲು ಹಿರಿಯರು ಇನ್ನೊಂದು ಚೂರು ನುಂಗಿ ಕೆಮ್ಮಿದರು. ಆ ಮನುಷ್ಯನಿಗೆ ರಕ್ತದೊತ್ತಡವಿದೆ, ಅವಳ ಸಾರುಗಳ ಬಗ್ಗೆ ಎಂದೂ ಒಳ್ಳೆಯ ಮಾತು ಆಡಿದವರಲ್ಲ, ಅವಳ ಅಂಕಣವನ್ನು ಹೆಂಗಸರ ಪುಟ ಎನ್ನುತ್ತಿದ್ದವರು. ಅವರು ಅವಳಿಗೋಸ್ಕರ ತಿನ್ನುತ್ತಿದ್ದರು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಎಂದು ಜನ ಸುಮ್ಮನೆ ಹೇಳುತ್ತಾರೆ, ಇವರು ನಿಜವಾಗಿ ಹಾಕಿಕೊಳ್ಳುತ್ತ ಕೂತಿದ್ದರು, ನೀರಿನ ಜೊತೆ.

ಅವಳು ಬಾಗಿಲು ತಳ್ಳಿದಳು. ನಾಲ್ಕೂ ಮುಖಗಳು ಒಟ್ಟಿಗೆ ಅರಳಿದವು.

'ಬನ್ನಿ ಬನ್ನಿ ಸಂತೋಷಕ್ಕ' ಎಂದರು ಪಾಸ್ಟರ್, ಎದ್ದೇ ನಿಂತು. 'ರೊಟ್ಟಿ ಬಗ್ಗೆನೇ ಮಾತಾಡ್ತಿದ್ವಿ. ಎಷ್ಟು...'

'ಕೇಳಿಸ್ತು' ಎಂದಳು. 'ಕೊಡಿ ಇಲ್ಲಿ. ನಿಮ್ಮ ಕೈಲಾಗಲ್ಲ ಅದು. ನನಗೆ ಗೊತ್ತಾಗಲ್ಲ, ಉಪ್ಪೂ ಗೊತ್ತಾಗಲ್ಲ, ಸಿಹಿನೂ ಗೊತ್ತಾಗಲ್ಲ, ಯಾವುದೂ ಗೊತ್ತಾಗಲ್ಲ. ನಾನು ಕೂತು ತಿಂತೀನಿ.'

ಮೂರು ತಿಂಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಪಾಸ್ಟರ್ ತಟ್ಟೆಯನ್ನು ಅವಳ ಮುಂದೆ ಸರಿಸಿದರು, ಒಬ್ಬ ದೇವಸೇವಕನಿಗೆ ಒಪ್ಪುವುದಕ್ಕಿಂತ ಸ್ವಲ್ಪ ಹೆಚ್ಚೇ ವೇಗದಲ್ಲಿ. ಅವಳು ಕೂತು, ದೊಡ್ಡ ತುಂಡು ಮುರಿದು, ಬಾಯಿಗಿಟ್ಟು ಅಗಿದಳು. ಇಡೀ ಸಭೆಯಲ್ಲಿ ಈ ರೊಟ್ಟಿಯನ್ನು ನೆಮ್ಮದಿಯಾಗಿ ತಿನ್ನಬಲ್ಲವಳು ಅವಳೊಬ್ಬಳೇ. ಮಿಕ್ಕವರು ಅವಳ ದವಡೆಯನ್ನು ನೋಡುತ್ತ ಕೂತರು, ಪವಾಡ ನೋಡುವವರ ಹಾಗೆ. ಎರಡನೆಯ ತುಂಡಿಗೆ ಕೈ ಹಾಕಿದಾಗ ಅತ್ತೆ ಅವಳ ಮಣಿಕಟ್ಟು ಹಿಡಿದರು.

'ಅಷ್ಟೂ ನೀನೇ ತಿಂದ್ರೆ ಸಾಯ್ತೀಯ. ನಾಲಿಗೆ ಸತ್ತಿರಬಹುದು, ಮೂತ್ರಪಿಂಡ ಇನ್ನೂ ಇದೆ.' ಅರ್ಧ ಮುರಿದು ತಾವು ತೆಗೆದುಕೊಂಡರು. ಬಾಯಿಗಿಟ್ಟುಕೊಂಡು, ಈ ಸಲ ಯಾರಿಗೂ ಮರೆಮಾಚದೆ, ಕಣ್ಣು ಕಿವುಚಿ, ಮೂಗು ಮುರಿದು, ಇಡೀ ಮುಖವನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿದರು. ಬೆಳಗಿನಿಂದ ಅವಳು ಕಾಯುತ್ತಿದ್ದದ್ದು ಆ ಮುಖಕ್ಕಾಗಿ.

'ಕೆಟ್ಟದಾಗಿದೆಯಾ ಅತ್ತೆ?'

'ಕೆಟ್ಟದಾ? ನೀನು ಈ ಮನೆಗೆ ಬಂದಾಗಿಂದ ಮಾಡಿದ್ದರಲ್ಲೆಲ್ಲ ಕೆಟ್ಟದ್ದು ಇದೇ.'

ಅವಳಿಗೆ ನಗು ಬಂತು. ತಡೆಯಲು ಹೋಗಿ ರೊಟ್ಟಿಯ ಪುಡಿ ಮೇಜಿನ ಮೇಲೆಲ್ಲ ಹಾರಿತು, ಪಾಸ್ಟರಮ್ಮ ಗಾಬರಿಯಿಂದ ಒಂದೊಂದೇ ಪುಡಿಯನ್ನು ಬೆರಳಿಗೆ ಅಂಟಿಸಿ ತೆಗೆಯತೊಡಗಿದರು, ಅದನ್ನೂ ಎಸೆಯುವಂತಿಲ್ಲವಲ್ಲ. ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂದು ಬಾಯಿಯ ತನಕ ಇಳಿಯಿತು. ಅದೂ ಉಪ್ಪೇ ಇರಬೇಕು. ದೇವರು ಬಂದಿದ್ದಾನೋ ಇಲ್ಲವೋ ಅವಳಿಗೆ ಈಗಲೂ ತಿಳಿಯಲಿಲ್ಲ. ಆ ತಿಳಿಯದಿರುವುದನ್ನು ಅಂಕಣದಲ್ಲಿ ಹೇಗೆ ಬರೆಯಲಿ ಎಂಬ ಯೋಚನೆ ಮಾತ್ರ ಬರಲಿಲ್ಲ. ಹಸಿವಾಗಿತ್ತು. ಬೆಳಗಿನಿಂದ ಈ ರೊಟ್ಟಿ ಬಿಟ್ಟು ಏನೂ ತಿಂದಿರಲಿಲ್ಲ.

'ಹೇಗಿದೆ ಹೇಳಿ ಅತ್ತೆ' ಎಂದಳು. 'ಚೆನ್ನಾಗಿ ಬಿಡಿಸಿ ಹೇಳಿ. ನನಗೆ ಗೊತ್ತಾಗಬೇಕು.'

ಅತ್ತೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. 'ಮೊದಲು ಮೇಲಿನ ಸಿಪ್ಪೆ. ಅದು ಪರವಾಗಿಲ್ಲ, ಚೆನ್ನಾಗಿ ಸುಟ್ಟಿದೀಯ, ಹುರಿದ ಗೋಧಿ ಹಾಗೆ ಒಂಚೂರು ಸಿಹಿ. ಅದನ್ನ ನಂಬಿ ಒಳಗೆ ಕಚ್ಚಿದ್ರೆ ಬಂತು ನೋಡು, ನಾಲಿಗೆಯ ಎರಡೂ ಪಕ್ಕ ಹಿಡ್ಕೊಂಡು ಎಳೀತದೆ...' ಗಂಟಲು ಹಿರಿಯರು, 'ಗಂಟಲಲ್ಲೂ' ಎಂದು ಸೇರಿಸಿದರು. ಅತ್ತೆ ಅವರ ಕಡೆ ಒಂದು ನೋಟ ಎಸೆದು, ಮತ್ತೆ ಸಿಪ್ಪೆಯಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳುತ್ತ ಹೋದರು. ಅವಳು ಅವರ ಬಾಯಿಯನ್ನೇ ನೋಡುತ್ತ, ಒಂದೊಂದೇ ತುಂಡು ಮುರಿದು ತಿನ್ನುತ್ತ ಹೋದಳು.